ರೆಸಲ್ಯೂಶನ್ ಇಳಿಸಿದರೆ ಚಾರ್ಜ್ ಹೆಚ್ಚು ಹೊತ್ತು ನಿಲ್ಲುತ್ತದೆಯೇ?

ಪ್ರಶ್ನೆ: ನನ್ನ ಬಳಿ ಗ್ಯಾಲಕ್ಸಿ ಎಸ್ 24 ಅಲ್ಟ್ರಾ ಇದೆ. ಸೆಟ್ಟಿಂಗ್ಸ್‌ನಲ್ಲಿ ಎಚ್‌ಡಿ+, ಎಫ್‌ಎಚ್‌ಡಿ+, ಕ್ಯೂಎಚ್‌ಡಿ+ ಎಂದು ಮೂರು ರೆಸಲ್ಯೂಶನ್ ತೋರಿಸುತ್ತದೆ. ಎಚ್‌ಡಿ+ಗೆ ಇಳಿಸಿದರೆ ಬ್ಯಾಟರಿ ಅರ್ಧ ದಿನ ಹೆಚ್ಚು ಬರುತ್ತದೆ, ಫೋನೂ ಚುರುಕಾಗುತ್ತದೆ ಎಂದು ಸ್ನೇಹಿತರು ಹೇಳಿದರು. ಇಳಿಸಿ ನೋಡಿದೆ, ಕನ್ನಡ ಅಕ್ಷರಗಳು ಮಸುಕಾದಂತೆ ಅನ್ನಿಸಿತು. ನಿಜಕ್ಕೂ ಲಾಭ ಇದೆಯೇ? ಮಗ ಗೇಮ್ ಆಡುವಾಗ ಫೋನ್ ಬಿಸಿಯಾಗಿ ತಡವರಿಸುತ್ತದೆ, ಅದಕ್ಕೂ ಇದೇ ಮದ್ದೇ? ತಂಗಿಯ ಅಮೋಲೆಡ್ ಫೋನಿನ ಡಿಸ್‌ಪ್ಲೇ ಒಡೆದು, ಬದಲಿಸಿದ ಮೇಲೆ ಚಾರ್ಜ್ ಬೇಗ ಇಳಿಯುತ್ತಿದೆ. ರೆಸಲ್ಯೂಶನ್ ಹಿಂದಿನಷ್ಟೇ ಇದೆ ಅನ್ನುತ್ತಾರೆ ಅಂಗಡಿಯವರು. ಕೊನೆಗೆ, ಅಮ್ಮನಿಗೆ ಹದಿಮೂರು ಸಾವಿರದೊಳಗೆ ಒಂದು ಫೋನ್ ಕೊಡಿಸಬೇಕು. ಮೊಬೈಲಿನಲ್ಲೇ ಪತ್ರಿಕೆ ಓದುತ್ತಾರೆ, ಧಾರಾವಾಹಿ ನೋಡುತ್ತಾರೆ. ಏನು ನೋಡಿ ಕೊಳ್ಳಲಿ? (ಸಾಗರದಿಂದ ಒಬ್ಬ ಓದುಗರು)

ಉತ್ತರ: ಎಚ್‌ಡಿ+ನಲ್ಲೇ ಬಿಟ್ಟಿದ್ದರೆ ಈಗಲೇ ಮೇಲಕ್ಕೇರಿಸಿಬಿಡಿ. ನಿಮ್ಮ ಕಣ್ಣು ಹೇಳಿದ್ದು ಸರಿ, ಸ್ನೇಹಿತರ ಲೆಕ್ಕ ತಪ್ಪು. ಅವರ ಮಾತಿನಲ್ಲಿ ಒಂದು ಎಳೆ ಸತ್ಯವೂ ಇದೆ. ಆದರೆ ಆ ಸತ್ಯ ಅನ್ವಯಿಸುವುದು ಬಹುಮಟ್ಟಿಗೆ ಪರದೆ ಕಾರ್ಖಾನೆಯಲ್ಲಿ ತಯಾರಾಗುವ ಹೊತ್ತಿಗೆ. ನೀವು ಸೆಟ್ಟಿಂಗ್ಸ್ ತೆರೆಯುವಷ್ಟರಲ್ಲಿ ರೆಸಲ್ಯೂಶನ್ನಿನ ಖರ್ಚಿನ ದೊಡ್ಡ ಪಾಲು ನಿರ್ಧಾರವಾಗಿಹೋಗಿರುತ್ತದೆ. ಈ ಎರಡನ್ನೂ ಬೇರ್ಪಡಿಸದೆ ಮಾತಾಡುವುದರಿಂದಲೇ ಇಷ್ಟು ಗೊಂದಲ.

ಪರದೆಯ ಮೇಲೆ ಚಿತ್ರ ಮೂಡಿಸುವ ಸಣ್ಣ ಚುಕ್ಕೆಯೇ ಪಿಕ್ಸೆಲ್, ಅವುಗಳ ಲೆಕ್ಕವೇ ರೆಸಲ್ಯೂಶನ್. ನಿಮ್ಮ ಫೋನಿನ 6.8 ಇಂಚಿನ ಪರದೆಯಲ್ಲಿ 3120×1440, ಅಂದರೆ ಸುಮಾರು 45 ಲಕ್ಷ ಪಿಕ್ಸೆಲ್‌ಗಳಿವೆ. ಕ್ಯೂಎಚ್‌ಡಿ+ ಎನ್ನುವುದು ಇದಕ್ಕೇ. ಎಫ್‌ಎಚ್‌ಡಿ+ ಆರಿಸಿಕೊಂಡರೆ ಫೋನು ಚಿತ್ರವನ್ನು 25 ಲಕ್ಷ ಪಿಕ್ಸೆಲ್‌ಗಳಲ್ಲಿ ಬಿಡಿಸುತ್ತದೆ, ಎಚ್‌ಡಿ+ ಆರಿಸಿಕೊಂಡರೆ 11 ಲಕ್ಷದಲ್ಲಿ. ಬಿಡಿಸುವ ಕೆಲಸ ಪ್ರೊಸೆಸರಿನೊಳಗಿನ ಜಿಪಿಯುದು. ಅದು ಬಿಡಿಸಿಕೊಟ್ಟ ಚಿಕ್ಕ ಚಿತ್ರವನ್ನು ಹಿಗ್ಗಿಸಿ, ಪರದೆಯ ಅಷ್ಟೂ 45 ಲಕ್ಷ ಪಿಕ್ಸೆಲ್‌ಗಳಿಗೆ ಹಂಚುವುದಕ್ಕೆ ಬೇರೊಂದು ಸರ್ಕ್ಯೂಟ್ ಇದೆ. ನಿಮ್ಮದು ಓಎಲ್ಇಡಿ ಪರದೆ (ಅಮೋಲೆಡ್ ಕೂಡ ಇದೇ ಜಾತಿ), ಅಲ್ಲಿ ಪ್ರತಿ ಪಿಕ್ಸೆಲ್ಲೂ ತನ್ನ ಬೆಳಕನ್ನು ತಾನೇ ಕೊಡುತ್ತದೆ. ಸೆಟ್ಟಿಂಗ್ ಇಳಿಸಿದ ಮಾತ್ರಕ್ಕೆ ಅವುಗಳಲ್ಲಿ ಒಂದೂ ಆರುವುದಿಲ್ಲ. ಹಾಗಾಗಿ ಬೆಳಕಿಗೆ ಆಗುವ ಖರ್ಚು ಮೊದಲಿನಷ್ಟೇ ಇರುತ್ತದೆ. ಉಳಿಯುವುದು ಚಿತ್ರ ಬಿಡಿಸುವ ಖರ್ಚು ಮಾತ್ರ.

ಅದಾದರೂ ಎಷ್ಟು? ವಾಟ್ಸ್‌ಆ್ಯಪ್ ಸಂದೇಶವೊಂದನ್ನು ಓದುತ್ತ ಬೆರಳು ನಿಲ್ಲಿಸಿದ್ದೀರಿ ಎಂದುಕೊಳ್ಳಿ. ಪರದೆಯ ಮೇಲೆ ಏನೂ ಬದಲಾಗುತ್ತಿಲ್ಲ, ಹಾಗಾಗಿ ಜಿಪಿಯು ಏನನ್ನೂ ಬಿಡಿಸುತ್ತಿಲ್ಲ. ನಿಮ್ಮ ಫೋನಿನಲ್ಲಿರುವ ಎಲ್‌ಟಿಪಿಒ ಬಗೆಯ ಪರದೆ ಇಂಥ ಹೊತ್ತಿನಲ್ಲಿ ಸೆಕೆಂಡಿಗೆ 120 ಸಲ ಹೊಸದಾಗುವುದನ್ನು ಬಿಟ್ಟು 1 ಸಲದವರೆಗೂ ಇಳಿಯಬಲ್ಲದು. ಓದುವಾಗ, ಫೋಟೋ ನೋಡುವಾಗ ರೆಸಲ್ಯೂಶನ್ ಯಾವುದಿದ್ದರೂ ಬ್ಯಾಟರಿಗೆ ಅದರ ಅರಿವೇ ಆಗುವುದಿಲ್ಲ ಎಂದರೂ ನಡೆಯುತ್ತದೆ. ವಿಡಿಯೋ ನೋಡುವಾಗಲೂ ಹೆಚ್ಚುಕಡಿಮೆ ಹೀಗೆಯೇ. ವಿಡಿಯೋ ಬಿಡಿಸಲು ಪ್ರೊಸೆಸರಿನಲ್ಲಿ ಅದಕ್ಕೆಂದೇ ಮೀಸಲಾದ ಭಾಗವಿದೆ. ಅಲ್ಲಿ ಲೆಕ್ಕಕ್ಕೆ ಬರುವುದು ಯೂಟ್ಯೂಬಿನಲ್ಲಿ ನೀವು ಆರಿಸಿದ 480 ಅಥವಾ 1080, ಫೋನಿನ ಸೆಟ್ಟಿಂಗ್ ಅಲ್ಲ. ಸರಸರನೆ ಸ್ಕ್ರಾಲ್ ಮಾಡುವಾಗ ಜಿಪಿಯುಗೆ ಕೆಲಸ ಬೀಳುವುದು ನಿಜ, ಆದರೆ ನಿಮ್ಮ ಫೋನಿನಲ್ಲಿರುವ ಜಿಪಿಯುಗೆ ಅದೊಂದು ಭಾರವೇ ಅಲ್ಲ. ಅರ್ಧ ದಿನ ಉಳಿಯುವುದಂತೂ ದೂರದ ಮಾತು.

ಮಾತಿನ ಮೇಲೆ ನಂಬಬೇಡಿ, ನೀವೇ ಪರೀಕ್ಷಿಸಿ. ಆಟೋ ಬ್ರೈಟ್‌ನೆಸ್ ಆಫ್ ಮಾಡಿ, ಬ್ರೈಟ್‌ನೆಸ್ ಅನ್ನು ಒಂದೇ ಕಡೆ ನಿಲ್ಲಿಸಿ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ. ಫೋನಿನಲ್ಲೇ ಇರುವ ಒಂದು ಸಿನಿಮಾವನ್ನು ಎರಡು ಗಂಟೆ ಓಡಿಸಿ, ಎಷ್ಟು ಪರ್ಸೆಂಟ್ ಇಳಿಯಿತೆಂದು ಬರೆದಿಟ್ಟುಕೊಳ್ಳಿ. ಮರುದಿನ ಅದೇ ಚಾರ್ಜಿನಿಂದ ಶುರು ಮಾಡಿ, ಅದೇ ಸಿನಿಮಾವನ್ನು ಇನ್ನೊಂದು ರೆಸಲ್ಯೂಶನ್ನಿನಲ್ಲಿ ಓಡಿಸಿ. ಏರೋಪ್ಲೇನ್ ಮೋಡ್ ಮರೆತರೆ ಈ ಪರೀಕ್ಷೆಗೆ ಅರ್ಥವಿಲ್ಲ. ಟವರ್ ದೂರವಿರುವ ಮಲೆನಾಡಿನ ಊರುಗಳಲ್ಲಿ ಸಿಗ್ನಲ್ಲಿಗಾಗಿ ಫೋನು ಪಡುವ ಪಾಡು ಉಳಿದೆಲ್ಲ ವ್ಯತ್ಯಾಸವನ್ನೂ ನುಂಗಿಹಾಕುತ್ತದೆ.

ಇನ್ನು ನಿಮ್ಮ ಕಣ್ಣಿಗೆ ಕಂಡ ಮಸುಕಿನ ವಿಷಯ. ನನ್ನ ಮಟ್ಟಿಗೆ ಇಡೀ ಚರ್ಚೆಯಲ್ಲಿ ಮುಖ್ಯವಾದದ್ದು ಇದೇ, ಮತ್ತು ಕನ್ನಡ ಓದುವವರಿಗೆ ಇದನ್ನು ಯಾರೂ ಬಿಡಿಸಿ ಹೇಳುವುದಿಲ್ಲ.

ಸಾಮಾನ್ಯ ದೃಷ್ಟಿಯುಳ್ಳ ಕಣ್ಣು ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸೂಕ್ಷ್ಮ ವಿವರವನ್ನು ಬೇರ್ಪಡಿಸಿ ನೋಡಬಲ್ಲದು ಎಂಬುದು ಹಳೆಯ ಲೆಕ್ಕ. ಫೋನನ್ನು 30 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚು ದೂರದಲ್ಲಿ ಹಿಡಿದರೆ, ಇದು ಇಂಚಿಗೆ ಸುಮಾರು 290 ಪಿಕ್ಸೆಲ್ ಆಗುತ್ತದೆ. 2010ರಲ್ಲಿ ಇಂಚಿಗೆ 326 ಪಿಕ್ಸೆಲ್‌ಗಳ ಐಫೋನ್ 4 ತೋರಿಸುವಾಗ ಸ್ಟೀವ್ ಜಾಬ್ಸ್ ಹೇಳಿದ ಸುಮಾರು 300ರ ಲೆಕ್ಕವೂ ಇದೇ ಜಾಡಿನದು. ಆದರೆ ಇದು ಎರಡು ಚುಕ್ಕೆಗಳನ್ನು ಬೇರೆಬೇರೆಯಾಗಿ ಕಾಣುವ ಮಿತಿ. ಗೆರೆಯೊಂದು ನಯವಾಗಿ ಬಾಗಿದೆಯೋ, ನಡುನಡುವೆ ಮುರಿದು ಮೆಟ್ಟಿಲಾಗಿದೆಯೋ ಎಂಬುದನ್ನು ಕಣ್ಣು ಇದಕ್ಕಿಂತಲೂ ಸೂಕ್ಷ್ಮವಾಗಿ ಹಿಡಿಯುತ್ತದೆ.

ಈಗ ನಮ್ಮ ಲಿಪಿಯನ್ನು ನೋಡಿ. ಇಂಗ್ಲಿಷಿನ ಎಷ್ಟೋ ಅಕ್ಷರಗಳು ನೇರ ಗೆರೆಗಳು. ಚೌಕುಳಿ ಚೌಕುಳಿಯಾದ ಪಿಕ್ಸೆಲ್‌ಗಳ ಮೇಲೆ ಅವು ಸಲೀಸಾಗಿ ಕೂರುತ್ತವೆ. ಕನ್ನಡದಲ್ಲಿ ಎಲ್ಲವೂ ದುಂಡು. ಅದರ ಮೇಲೆ ದ ಮತ್ತು ಧ, ಬ ಮತ್ತು ಭ ಬೇರೆಯಾಗುವುದು ಬುಡದಲ್ಲಿರುವ ಒಂದು ಸಣ್ಣ ಸೀಳಿನಿಂದ. ಪ ಮತ್ತು ಷ ಬೇರೆಯಾಗುವುದು ಹೊಟ್ಟೆಯೊಳಗಿನ ಒಂದು ಗೀಟಿನಿಂದ. ರಾಷ್ಟ್ರೀಯ ಎಂದು ಬರೆದರೆ ಷಕಾರಕ್ಕೆ ಟಕಾರದ ಒತ್ತು, ಅದಕ್ಕೆ ರಕಾರದ ಒತ್ತು, ಮೇಲೆ ಗುಡಿಸು, ಪಕ್ಕದಲ್ಲಿ ದೀರ್ಘ, ಎಲ್ಲವೂ ಒಂದೇ ಸಾಲಿನ ಎತ್ತರದಲ್ಲಿ ಹಿಡಿಸಬೇಕು. ಆಂಡ್ರಾಯ್ಡ್‌ನಲ್ಲಿ ಮಾಮೂಲಿ ಗಾತ್ರದ ಅಕ್ಷರಕ್ಕೆ ಎಚ್‌ಡಿ+ನಲ್ಲಿ ಸಿಗುವ ಎತ್ತರ ಸುಮಾರು 32 ಪಿಕ್ಸೆಲ್. ಎಫ್‌ಎಚ್‌ಡಿ+ನಲ್ಲಿ ಅದೇ ಅಕ್ಷರಕ್ಕೆ 48, ಕ್ಯೂಎಚ್‌ಡಿ+ನಲ್ಲಿ 64. ಆ 32ರಲ್ಲೇ ತಲೆಕಟ್ಟು, ಅಕ್ಷರದ ಒಡಲು, ಒತ್ತು ಮೂರೂ ಪಾಲು ಮಾಡಿಕೊಂಡರೆ ಕೆಳಗಿನ ಒತ್ತಿಗೆ ಉಳಿಯುವುದು ಹತ್ತು ಚಿಲ್ಲರೆ ಪಿಕ್ಸೆಲ್. ಸೀಳು, ಗೀಟುಗಳಿಗೆ ಒಂದೋ ಎರಡೋ. ಇಂಗ್ಲಿಷ್ ಓದುವವರಿಗೆ ಸಾಕೆನಿಸುವ ಪರದೆ ನಮಗೆ ಸಾಲದಾಗುವುದು ಇದಕ್ಕೇ. ಪರದೆಗಳ ಬಗ್ಗೆ ಬರುವ ಬಹುತೇಕ ವಿಮರ್ಶೆಗಳು ಇಂಗ್ಲಿಷ್ ಪುಟ ಇಟ್ಟುಕೊಂಡೇ ನೋಡುತ್ತವೆ, ಅದು ನನಗೆ ಬೇಸರದ ಸಂಗತಿ.

ಇನ್ನೂ ಒಂದು ಒಳಗುಟ್ಟಿದೆ. ಫೋನುಗಳ ಬಹುತೇಕ ಓಎಲ್ಇಡಿ ಪರದೆಗಳಲ್ಲಿ ಪ್ರತಿ ಪಿಕ್ಸೆಲ್ಲಿಗೂ ಹಸಿರು ಚುಕ್ಕೆ ಇರುತ್ತದೆ, ಕೆಂಪು ಮತ್ತು ನೀಲಿ ಚುಕ್ಕೆಗಳನ್ನು ಮಾತ್ರ ಅಕ್ಕಪಕ್ಕದ ಪಿಕ್ಸೆಲ್‌ಗಳು ಹಂಚಿಕೊಳ್ಳುತ್ತವೆ. ಪೆನ್‌ಟೈಲ್ ಜೋಡಣೆ ಎನ್ನುವುದು ಇದಕ್ಕೇ. ಹಾಗಾಗಿ ಇಂಚಿಗೆ 393 ಎಂದು ಬರೆದಿದ್ದರೂ ಕೆಂಪು, ನೀಲಿಗಳ ಲೆಕ್ಕದಲ್ಲಿ ಅದು 278ರಷ್ಟೇ. 2017ರ ಐಫೋನ್ ಎಕ್ಸ್ ಎಲ್‌ಸಿಡಿ ಬಿಟ್ಟು ಓಎಲ್ಇಡಿಗೆ ಬಂದಾಗ 326ರಿಂದ 458ಕ್ಕೆ ಏರಿತಲ್ಲ, ಆ 458ನ್ನು ಇದೇ ಬಗೆಯಲ್ಲಿ ಕೆಂಪು-ನೀಲಿಗೆ ಇಳಿಸಿದರೆ ಮತ್ತೆ 324 ಬರುತ್ತದೆ. ಕ್ಯೂಎಚ್‌ಡಿ+ ಪರದೆ ಬರೀ ಪ್ರಚಾರದ ಸರಕಲ್ಲ ಎಂದು ನಾನು ಹೇಳುವುದು ಈ ಕಾರಣಕ್ಕೆ. ಅಂಥ ಪರದೆಗೆ ದುಡ್ಡು ಕೊಟ್ಟ ಮೇಲೆ, ಎಫ್‌ಎಚ್‌ಡಿ+ನಲ್ಲಿ ಇಟ್ಟರೆ ಮೂರು ಪಿಕ್ಸೆಲ್‌ಗಳ ಚಿತ್ರವನ್ನು ನಾಲ್ಕಕ್ಕೆ ಎಳೆದು ಹಂಚಬೇಕಾಗುತ್ತದೆ, ಅಕ್ಷರದ ಅಂಚು ತುಸು ಮೆತ್ತಗಾಗುತ್ತದೆ. ಕಂಪನಿಯವರು ಫೋನನ್ನು ಎಫ್‌ಎಚ್‌ಡಿ+ನಲ್ಲೇ ಇಟ್ಟು ಕಳಿಸುತ್ತಾರೆ. ಅದರಿಂದ ಹಾನಿಯಿಲ್ಲ, ಅನೇಕರಿಗೆ ವ್ಯತ್ಯಾಸವೇ ಕಾಣುವುದಿಲ್ಲ. ನಾನಾದರೆ ಕ್ಯೂಎಚ್‌ಡಿ+ ಇಟ್ಟು ಅದರ ಯೋಚನೆ ಬಿಟ್ಟುಬಿಡುತ್ತೇನೆ.

ಹಾಗಾದರೆ ರೆಸಲ್ಯೂಶನ್ನಿಗೂ ಬ್ಯಾಟರಿಗೂ ಸಂಬಂಧವೇ ಇಲ್ಲವೇ ಎಂದರೆ, ಇದೆ. ಎಲ್‌ಸಿಡಿ ಪರದೆಯಲ್ಲಿ ಬೆಳಕು ಹಿಂದಿನಿಂದ ಬರುತ್ತದೆ. ಪ್ರತಿ ಪಿಕ್ಸೆಲ್ಲಿಗೂ ಒಂದೊಂದು ಟ್ರಾನ್ಸಿಸ್ಟರ್, ನಡುವೆ ಓಡಾಡುವ ತಂತಿಗಳು ಆ ಬೆಳಕಿಗೆ ಅಡ್ಡ ನಿಲ್ಲುತ್ತವೆ. ಕಿಟಕಿಗೆ ಸರಳು ಹೆಚ್ಚಿದಷ್ಟೂ ಒಳಗೆ ಬೀಳುವ ಬೆಳಕು ಕಡಿಮೆಯಾದ ಹಾಗೆ, ಅದೇ ಜಾಗದಲ್ಲಿ ಪಿಕ್ಸೆಲ್ ಹೆಚ್ಚು ತುರುಕಿದಷ್ಟೂ ಅಷ್ಟೇ ಹೊಳಪಿಗೆ ಹಿಂದಿನ ದೀಪವನ್ನು ಜೋರಾಗಿ ಉರಿಸಬೇಕು. ಇದು ಹುಟ್ಟಿನಿಂದ ಬಂದ ಖರ್ಚು, ಯಾವ ಸೆಟ್ಟಿಂಗೂ ಇದನ್ನು ಇಳಿಸಲಾರದು. 2014ರಲ್ಲಿ ಎಲ್‌ಜಿ ಜಿ3 5.5 ಇಂಚಿನ ಎಲ್‌ಸಿಡಿಯಲ್ಲಿ 2560×1440 ತಂದಾಗ ಬ್ಯಾಟರಿ ಇದ್ದದ್ದು 3000 ಎಂಎಎಚ್. ಅಂದಿನ ಜಿಪಿಯುಗಳಿಗೂ ಅಷ್ಟು ಪಿಕ್ಸೆಲ್ ಹೊರೆಯೇ ಆಗಿತ್ತು. ರೆಸಲ್ಯೂಶನ್ ಬ್ಯಾಟರಿ ತಿನ್ನುತ್ತದೆ ಎಂಬ ಮಾತು ಬೇರುಬಿಟ್ಟದ್ದು ಆ ಕಾಲದಲ್ಲಿ, ಅಂದಿಗೆ ಅದು ತಪ್ಪೂ ಆಗಿರಲಿಲ್ಲ.

ಕಂಪನಿಗಳಿಗೂ ಇದು ತಿಳಿದೇ ಇದೆ. 2015ರ ಸೋನಿ ಎಕ್ಸ್‌ಪೀರಿಯಾ ಝಡ್5 ಪ್ರೀಮಿಯಂ 5.5 ಇಂಚಿನಲ್ಲಿ 4ಕೆ ಪರದೆ ತಂದಿತು, ಇಂಚಿಗೆ 806 ಪಿಕ್ಸೆಲ್. ಆದರೆ ಫೋಟೋ, ವಿಡಿಯೋ ಬಿಟ್ಟು ಉಳಿದೆಲ್ಲ ಕೆಲಸವನ್ನೂ ಆ ಫೋನು 1080ರಲ್ಲೇ ಮಾಡುತ್ತಿತ್ತು. ಕೊನೆಗೆ 2024ರ ಎಕ್ಸ್‌ಪೀರಿಯಾ 1 ಸರಣಿಯ ಆರನೇ ಫೋನಿನಲ್ಲಿ ಸೋನಿ 4ಕೆ ಕೈಬಿಟ್ಟು ಎಫ್‌ಎಚ್‌ಡಿ+ಗೆ ಬಂತು. ಇನ್ನೊಂದು ಕಡೆ, 2018ರ ಐಫೋನುಗಳಲ್ಲಿ ಅಗ್ಗದ್ದಾದ ಎಕ್ಸ್‌ಆರ್‌ನದು 1792×828ರ ಸಾದಾ ಎಲ್‌ಸಿಡಿ. ಆಪಲ್ ಕೊಟ್ಟ ಲೆಕ್ಕದಲ್ಲೇ ಅದರಲ್ಲಿ 16 ಗಂಟೆ ವಿಡಿಯೋ ನೋಡಬಹುದಿತ್ತು, ಅದಕ್ಕಿಂತ ದೊಡ್ಡ ಬ್ಯಾಟರಿಯ ಎಕ್ಸ್‌ಎಸ್ ಮ್ಯಾಕ್ಸ್‌ನಲ್ಲಿ 15 ಗಂಟೆ. ಪರದೆಯ ಬಗೆಯೂ ಗಾತ್ರವೂ ಬೇರೆ, ಆದ್ದರಿಂದ ಪೂರ್ತಿ ಶ್ರೇಯಸ್ಸನ್ನು ಪಿಕ್ಸೆಲ್‌ಗಳಿಗೇ ಕೊಡಲಾಗದು. ಆದರೂ ಹೆಚ್ಚು ಪಿಕ್ಸೆಲ್ ಇದ್ದ ಕೂಡಲೇ ಒಳ್ಳೆಯ ಫೋನು ಎನ್ನುವವರು ಈ ಜೋಡಿಯನ್ನು ನೆನಪಿಡಬೇಕು.

ಮಗನ ಗೇಮ್ ವಿಷಯ ಬೇರೆಯೇ. ಅಲ್ಲಿ ಜಿಪಿಯು ಸೆಕೆಂಡಿನ ಪ್ರತಿ ಚೂರಿನಲ್ಲೂ ಇಡೀ ದೃಶ್ಯವನ್ನು ಹೊಸದಾಗಿ ಬಿಡಿಸುತ್ತಿರುತ್ತದೆ, ನೆರಳು, ಹೊಗೆ, ಹುಲ್ಲು ಎಲ್ಲವನ್ನೂ ಪಿಕ್ಸೆಲ್ ಪಿಕ್ಸೆಲ್ಲಿಗೂ ಲೆಕ್ಕ ಹಾಕುತ್ತ. ಎಫ್‌ಎಚ್‌ಡಿ+ನಲ್ಲಿ ಸೆಕೆಂಡಿಗೆ 60 ಸಲ ಬಿಡಿಸಿದರೆ 15 ಕೋಟಿ ಪಿಕ್ಸೆಲ್. ಕ್ಯೂಎಚ್‌ಡಿ+ನಲ್ಲಿ 120 ಸಲ ಬಿಡಿಸಿದರೆ 54 ಕೋಟಿ. ಮೂರೂವರೆ ಪಟ್ಟು ಕೆಲಸ. 2020ರಲ್ಲಿ ಗ್ಯಾಲಕ್ಸಿ ಎಸ್ 20 ಬಂದಾಗ 120 ಹರ್ಟ್ಜ್ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ 120 ಸಲ ಹೊಸದಾಗುವುದು) ಬೇಕಿದ್ದರೆ ಎಫ್‌ಎಚ್‌ಡಿ+ಗೆ ಇಳಿಯಲೇಬೇಕಿತ್ತು. ಎರಡನ್ನೂ ಒಟ್ಟಿಗೆ ಕೊಟ್ಟದ್ದು ಮರುವರ್ಷದ ಎಸ್ 21 ಅಲ್ಟ್ರಾ.

ಆದರೆ ಬಹಳಷ್ಟು ಗೇಮುಗಳು ಫೋನಿನ ರೆಸಲ್ಯೂಶನ್ ಕೇಳುವುದೇ ಇಲ್ಲ. ಒಳಗೊಳಗೆ ತಮ್ಮದೇ ಕಡಿಮೆ ರೆಸಲ್ಯೂಶನ್ನಿನಲ್ಲಿ ಬಿಡಿಸಿ ಆಮೇಲೆ ಹಿಗ್ಗಿಸುತ್ತವೆ. ಹಾಗಾಗಿ ಹಿಡಿಯಬೇಕಾದ ಜುಟ್ಟು ಗೇಮಿನೊಳಗಿನ ಗ್ರಾಫಿಕ್ಸ್ ಮತ್ತು ಫ್ರೇಮ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ದೃಶ್ಯ ಬಿಡಿಸಬೇಕೆಂಬ ಲೆಕ್ಕ. ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುವವನಾದರೆ ಗ್ರಾಫಿಕ್ಸ್ ಅನ್ನು ಸ್ಮೂತ್‌ಗೆ ತರಲಿ, ಫ್ರೇಮ್ ರೇಟನ್ನು ಒಂದು ಮೆಟ್ಟಿಲು ಇಳಿಸಲಿ. ತಡವರಿಕೆಯ ಮೂಲ ಶಾಖ. ಫೋನು ಬಿಸಿಯಾದಂತೆ ಪ್ರೊಸೆಸರ್ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗ ಇಳಿಸುತ್ತದೆ. ಮೊದಲ ಹದಿನೈದಿಪ್ಪತ್ತು ನಿಮಿಷ ಚೆನ್ನಾಗಿದ್ದು ಆಮೇಲೆ ಎಳೆಯತೊಡಗಿದರೆ ಇದೇ ಕಾರಣ ಎಂದು ತಿಳಿಯಿರಿ. ಚಾರ್ಜಿಗೆ ಹಾಕಿಕೊಂಡು ಆಡುವುದನ್ನು ಮೊದಲು ನಿಲ್ಲಿಸಿ. ಚಾರ್ಜಿನ ಬಿಸಿ, ಆಟದ ಬಿಸಿ ಎರಡೂ ಸೇರಿ ಬ್ಯಾಟರಿಯ ಆಯಸ್ಸನ್ನೇ ಕಡಿಮೆ ಮಾಡುತ್ತವೆ. ದಪ್ಪ ಕವರ್ ತೆಗೆದಿಟ್ಟು ಆಡಿದರೂ ವ್ಯತ್ಯಾಸ ಗೊತ್ತಾಗುತ್ತದೆ.

ನಿಮ್ಮ ಫೋನಿನಲ್ಲಿ ಚಾರ್ಜ್ ಉಳಿಸಲೇಬೇಕಿದ್ದರೆ ಕೈಹಾಕಬೇಕಾದ ಮೊದಲ ಜಾಗ ಬ್ರೈಟ್‌ನೆಸ್. ಕಪ್ಪು ಹಿನ್ನೆಲೆಯ ಡಾರ್ಕ್ ಮೋಡ್ ಬಗ್ಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 2021ರಲ್ಲಿ ಓಎಲ್ಇಡಿ ಫೋನುಗಳ ಮೇಲೆ ಮಾಡಿದ ಅಧ್ಯಯನದಲ್ಲೂ ಇದೇ ಎದ್ದು ಕಂಡಿತು. ಬ್ರೈಟ್‌ನೆಸ್ ಪೂರ್ತಿ ಇಟ್ಟಾಗ ಡಾರ್ಕ್ ಮೋಡ್‌ನಿಂದ ಸರಾಸರಿ ಶೇ 39ರಿಂದ 47ರಷ್ಟು ಉಳಿತಾಯ, ಶೇ 30-50ರಲ್ಲಿ ಇಟ್ಟಾಗ ಬರೀ ಶೇ 3ರಿಂದ 9. ಮನೆಯೊಳಗೆ ಡಾರ್ಕ್ ಮೋಡ್ ಹಾಕಿಕೊಂಡು ಬ್ಯಾಟರಿ ಉಳಿಸಿದೆವೆಂದು ಸಮಾಧಾನಪಡುವುದರಲ್ಲಿ ಹುರುಳಿಲ್ಲ, ಬಿಸಿಲಿನಲ್ಲಿ ತೋಟದಲ್ಲೋ ಬಸ್ ಸ್ಟ್ಯಾಂಡಿನಲ್ಲೋ ನಿಂತಾಗ ಅದು ದೊಡ್ಡ ಉಪಕಾರ. ಎರಡನೆಯದು ಸಿಗ್ನಲ್. ಮನೆಯಲ್ಲಿ ಒಂದು ಕಡ್ಡಿಯಷ್ಟೇ ಬರುತ್ತಿದ್ದರೆ ವೈಫೈ ಕಾಲಿಂಗ್ ಹಾಕಿಕೊಳ್ಳಿ, 5ಜಿ ಬಂದುಹೋಗಿ ಮಾಡುವ ಊರಿನಲ್ಲಿ 4ಜಿಗೆ ನಿಲ್ಲಿಸಿ. ರಿಫ್ರೆಶ್ ರೇಟ್ 120ರಿಂದ 60ಕ್ಕೆ ಇಳಿಸಿದರೂ ರೆಸಲ್ಯೂಶನ್ ಇಳಿಸಿದ್ದಕ್ಕಿಂತ ಹೆಚ್ಚು ಸಿಗುತ್ತದೆ, ಅಕ್ಷರವೂ ಕೆಡುವುದಿಲ್ಲ.

ತಂಗಿಯವರ ಫೋನಿನ ವಿಷಯದಲ್ಲಿ ಅಂಗಡಿಯವರು ಹೇಳಿದ್ದು ಅಕ್ಷರಶಃ ನಿಜವೂ ಇರಬಹುದು. ರೆಸಲ್ಯೂಶನ್ ಅಷ್ಟೇ ಇದ್ದು ಪರದೆಯ ಜಾತಿಯೇ ಬದಲಾಗಿರಬಹುದು. ಅಮೋಲೆಡ್ ಡಿಸ್‌ಪ್ಲೇ ದುಬಾರಿಯಾದ್ದರಿಂದ ಅದರ ಜಾಗಕ್ಕೆ ಅಗ್ಗದ ಎಲ್‌ಸಿಡಿ ಕೂರಿಸುವುದು ರಿಪೇರಿ ಪೇಟೆಯಲ್ಲಿ ಸಾಮಾನ್ಯ. ಆಗ ಕಪ್ಪು ಹಿನ್ನೆಲೆಯಿಂದ ಉಳಿತಾಯವಿಲ್ಲ, ಏಕೆಂದರೆ ಹಿಂದಿನ ದೀಪ ಇಡೀ ಪರದೆಗೆ ಉರಿಯುತ್ತಲೇ ಇರುತ್ತದೆ. ಫೋನ್ ಲಾಕ್ ಆದಾಗಲೂ ಗಂಟೆ ತೋರಿಸುವ ಸೌಲಭ್ಯ ಆನ್ ಇದ್ದರಂತೂ ದಿನವಿಡೀ ಸೋರಿಕೆ. ಗುರುತಿಸುವುದು ಸುಲಭ: ಪೂರ್ತಿ ಕಪ್ಪಾದ ಒಂದು ಚಿತ್ರ ತೆರೆದು ಕತ್ತಲಲ್ಲಿ ನೋಡಲಿ. ಅಮೋಲೆಡ್ ಆದರೆ ಪರದೆ ಆರಿಹೋದಂತೆ ಕಾಣುತ್ತದೆ, ಎಲ್‌ಸಿಡಿ ಆದರೆ ಬೂದುಬಣ್ಣದ ಮಂದ ಬೆಳಕು ಉಳಿದಿರುತ್ತದೆ. ಪರದೆಯೊಳಗೇ ಬೆರಳಚ್ಚು ಓದುತ್ತಿದ್ದ ಫೋನಿನಲ್ಲಿ ಆ ಸೌಲಭ್ಯ ಕೆಲಸ ಬಿಟ್ಟಿದ್ದರೆ ಅದೂ ಒಂದು ಸುಳಿವು. ಹಾಗೇನಾದರೂ ಆಗಿದ್ದರೆ, ಅಮೋಲೆಡ್ ಡಿಸ್‌ಪ್ಲೇಯನ್ನೇ ಹಾಕಿ ಬಿಲ್ಲಿನಲ್ಲೂ ಹಾಗೆಂದೇ ಬರೆದುಕೊಡಿ ಎಂದು ತಂಗಿಯವರು ಅಂಗಡಿಯವರ ಬಳಿ ಧೈರ್ಯವಾಗಿ ಕೇಳಬಹುದು.

ಇನ್ನು ಅಮ್ಮನ ಫೋನು. ಈ ಬೆಲೆಯಲ್ಲಿ ಎರಡು ಬಗೆ ಸಿಗುತ್ತವೆ. ಒಂದರ ಜಾಹೀರಾತಿನಲ್ಲಿ 6.7 ಇಂಚ್, 120 ಹರ್ಟ್ಜ್ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ರೆಸಲ್ಯೂಶನ್ ಮಾತ್ರ ತೀರಾ ಕೆಳಗೆ, 1600×720. ಇಂಚಿಗೆ 262 ಪಿಕ್ಸೆಲ್. ಇನ್ನೊಂದು ಅದೇ ಗಾತ್ರದಲ್ಲಿ 2400×1080, ಇಂಚಿಗೆ 393. ನನ್ನ ಸಲಹೆ ಎರಡನೆಯದು, ಅದರ ರಿಫ್ರೆಶ್ ರೇಟ್ 90 ಇರಲಿ, 60 ಇರಲಿ. ಅಗ್ಗದ ಫೋನಿನ ಜಿಪಿಯು 120 ಹರ್ಟ್ಜ್ ಅನ್ನು ಸದಾ ಹಿಡಿದಿಡಲೂ ಆಗದು, ಪತ್ರಿಕೆ ಓದುವವರಿಗೆ ಅದು ಬೇಕಾಗಿಯೂ ಇಲ್ಲ. ದೊಡ್ಡ ಪರದೆಗೆ ಕಡಿಮೆ ಪಿಕ್ಸೆಲ್ ಹಾಕಿ, ಹರ್ಟ್ಜ್ ತೋರಿಸಿ ಮಾರುವುದು ಹಿರಿಯರಿಗೆ ಮಾಡುವ ಅನ್ಯಾಯ ಎಂದೇ ನನ್ನ ಭಾವನೆ.

ಒಂದು ವಿನಾಯಿತಿ ಉಂಟು. ಚಾಳೀಸು ಬಂದವರು ಫೋನನ್ನು 40 ಸೆಂಟಿಮೀಟರಿನಷ್ಟು ದೂರ ಹಿಡಿಯುತ್ತಾರೆ, ಅಲ್ಲಿಗೆ ಕಣ್ಣಿನ ಮಿತಿ ಇಂಚಿಗೆ 220ಕ್ಕೆ ಇಳಿಯುತ್ತದೆ. ಫಾಂಟ್ ದೊಡ್ಡದು ಮಾಡಿಕೊಂಡರೆ ಒಂದೊಂದು ಅಕ್ಷರಕ್ಕೂ ಹೆಚ್ಚು ಪಿಕ್ಸೆಲ್ ಸಿಗುತ್ತದೆ. ಹಾಗಾಗಿ ವಾಟ್ಸ್‌ಆ್ಯಪ್, ಕಾಲ್‌ಗಳಷ್ಟೇ ಸಾಕು ಎನ್ನುವವರಿಗೆ ಎಚ್‌ಡಿ+ ನಡೆಯುತ್ತದೆ. ನಿಮ್ಮ ಅಮ್ಮ ಪತ್ರಿಕೆ ಓದುತ್ತಾರೆ ಎಂದಿದ್ದೀರಿ. ಅಚ್ಚಾದ ಪುಟವನ್ನೇ ಫೋನಿನಲ್ಲಿ ತೆರೆಯುವ ಇ-ಪೇಪರ್ ಆದರೆ ಫಾಂಟ್ ಹಿಗ್ಗಿಸುವ ಸೆಟ್ಟಿಂಗ್ ಅಲ್ಲಿ ನಡೆಯುವುದಿಲ್ಲ. ಪುಟವನ್ನು ಕೈಯಿಂದ ಎಳೆದೆಳೆದು ದೊಡ್ಡದು ಮಾಡಿಕೊಳ್ಳಬೇಕು, ಪರದೆಯಲ್ಲಿ ಪಿಕ್ಸೆಲ್ ಹೆಚ್ಚಿದ್ದಷ್ಟೂ ಎಳೆಯುವುದು ಕಡಿಮೆ.

ಧಾರಾವಾಹಿಯ ಮಟ್ಟಿಗೆ ಇನ್ನೊಂದನ್ನು ಕೇಳಿ ತಿಳಿಯಿರಿ: ವೈಡ್‌ವೈನ್ ಎಲ್1 ಇದೆಯೇ? ಒಟಿಟಿ ಆಪ್‌ಗಳು ವಿಡಿಯೋ ಕದಿಯದಂತೆ ಕಾಯುವ ವ್ಯವಸ್ಥೆ ಅದು. ಫೋನಿನಲ್ಲಿ ಎಲ್3 ಮಾತ್ರ ಇದ್ದರೆ ಎಷ್ಟೇ ಒಳ್ಳೆಯ ಪರದೆಯಿದ್ದರೂ ನೆಟ್‌ಫ್ಲಿಕ್ಸ್‌ನಂಥ ಆಪ್‌ಗಳು ಸಾದಾ 480ರ ಚಿತ್ರವನ್ನಷ್ಟೇ ಕೊಡುತ್ತವೆ. ನೆಟ್‌ಫ್ಲಿಕ್ಸ್ ಆಪ್‌ನ ಸೆಟ್ಟಿಂಗ್ಸ್‌ನಲ್ಲಿ ಪ್ಲೇಬ್ಯಾಕ್ ವಿವರ ತೆರೆದರೆ ಇದು ಕಾಣುತ್ತದೆ.

ಅಂಗಡಿಗೆ ಅಮ್ಮನನ್ನೂ ಕರೆದುಕೊಂಡು ಹೋಗಿ. ಡೆಮೊ ಫೋನಿನಲ್ಲಿ ಕಂಪನಿಯ ಹೂವು-ಸಮುದ್ರದ ವಿಡಿಯೋ ಓಡುತ್ತಿರುತ್ತದೆ, ಅದನ್ನು ನಿಲ್ಲಿಸಿ ಅವರು ದಿನಾ ಓದುವ ಪತ್ರಿಕೆಯ ಪುಟ ತೆರೆಯಿರಿ. ಕನ್ನಡಕ ಹಾಕಿಕೊಂಡು, ಅವರು ಎಂದಿನಂತೆ ಹಿಡಿಯುವ ದೂರದಲ್ಲಿ, ಒತ್ತಕ್ಷರ ಹೆಚ್ಚಿರುವ ಸಾಲೊಂದನ್ನು ಓದಲಿ. ಆಮೇಲೆ ಅದೇ ಪುಟವನ್ನು ಅಂಗಡಿಯ ಬಾಗಿಲಾಚೆ, ಬಿಸಿಲಿನ ಬೆಳಕಿನಲ್ಲೂ ನೋಡಲಿ. ಅಲ್ಲಿ ಕಾಣದಿದ್ದರೆ ರೆಸಲ್ಯೂಶನ್ ಎಷ್ಟಿದ್ದರೂ ಆ ಫೋನು ಬೇಡ, ಮುಂದಿನದನ್ನು ತೆಗೆಸಿ.